ಅಮ್ಮನಿಗೆ ನಿದ್ದೆ ಬಂತು

ನಮ್ಮ ಚಾಪೆ ಬೀದಿಯಲ್ಲಿ ಯಾವ ಮನೆಯ ಬಾಗಿಲಿಗೂ ಒಳಗಿನಿಂದ ಅಗುಳಿ ಹಾಕುವ ರೂಢಿಯಿಲ್ಲ. ಕಳ್ಳರೇ ಇಲ್ಲವೆಂದಲ್ಲ. ನಮ್ಮೂರಿನ ಕಳ್ಳನೂ ರಾತ್ರಿ ನಮ್ಮ ಹಾಗೆಯೇ ಮಲಗಿರುತ್ತಾನೆ, ಅವನ ಉದ್ಯೋಗವೇನಿದ್ದರೂ ಸಂಜೆಯೊಳಗೆ ಮುಗಿಯಬೇಕು. ಅಗುಳಿ ಹಾಕಿದರೆ ನಮ್ಮನ್ನು ಎಬ್ಬಿಸುವ ಬೆಳಗಿನವರು ಒಳಗೆ ಬರುವುದು ಹೇಗೆ ಎಂಬುದೇ ದೊಡ್ಡ ಪ್ರಶ್ನೆ. ರಾತ್ರಿ ಮಲಗಿದವರು ತಾವಾಗಿ ಏಳುವ ಊರಲ್ಲ ನಮ್ಮದು. ಕೂಗಿದರೆ, ಅಲುಗಾಡಿಸಿದರೆ, ಮುಖಕ್ಕೆ ತಣ್ಣೀರು ಎರಚಿದರೆ ಏನೂ ಆಗುವುದಿಲ್ಲ. ಹಾಡಿಯೋ ಬಾರಿಸಿಯೋ ಎಬ್ಬಿಸಬೇಕು, ಅದೂ ನೆರಳು ಕಾಲ ಬುಡಕ್ಕೆ ಬರುವುದರೊಳಗೆ. ಅಷ್ಟರಲ್ಲಿ ಕಣ್ಣು ಬಿಡದವರನ್ನು ಸಂಜೆ ಹೊತ್ತುಕೊಂಡು ಹೋಗುತ್ತೇವೆ. ಹಗಲು ನಿದ್ದೆಗೆ ಈ ಕಾಟವಿಲ್ಲ, ಊಟ ಮಾಡಿ ಒಂದು ಜೊಂಪು ತೆಗೆದವರು ತಾವೇ ಆಕಳಿಸುತ್ತ ಎದ್ದು ಕೂರುತ್ತಾರೆ. ಹೆಣ್ಣು ಕೊಡುವವರು ಕೂಡ ಹುಡುಗ ಹೇಗೆ ಎಂದು ಆಮೇಲೆ ವಿಚಾರಿಸುತ್ತಾರೆ, ಆ ಬೀದಿಯ ಬೆಳಗಿನವರು ಯಾರು ಎಂದು ಮೊದಲು.

ನನ್ನಮ್ಮ ಚೆನ್ನಾಜಮ್ಮ ಈ ಬೀದಿಯ ಬೆಳಗಿನವಳಾಗಿದ್ದಳು, ನಾನು ಹುಟ್ಟುವುದಕ್ಕೂ ಮೊದಲಿನಿಂದ. ಬೆಳಗಿನವರು ರಾತ್ರಿ ಕಣ್ಣು ಮುಚ್ಚುವಂತಿಲ್ಲ, ಅವರ ನಿದ್ದೆಯೆಲ್ಲ ಹಗಲಿಗೆ. ಅಮ್ಮನ ಕೈಯಲ್ಲಿ ವಾದ್ಯ ಇರಲಿಲ್ಲ. ಕಂಠವೂ ಅಂಥ ಕಂಠವಲ್ಲ. ಮೇಲಿನ ಷಡ್ಜಕ್ಕೆ ಹೋಗುವಾಗ ಕತ್ತಲೆಯಲ್ಲಿ ಅಟ್ಟದ ಏಣಿ ಹತ್ತುವವರ ಹಾಗೆ ತಡಕಾಡುತ್ತಿದ್ದಳು. ಸಂಜೆಯಾದರೆ ಸಾಕು, ಮನೆ ಮನೆಯ ಜಗಲಿಯ ಮೇಲೆ ಒಂದಿಷ್ಟು ಹೊತ್ತು ಕೂತು ಹರಟಿಕೊಂಡು ಬರುವಳು. ಯಾರಿಗೆ ಹಲ್ಲುನೋವು, ಯಾರ ಸೊಸೆ ತವರಿಗೆ ಕಳಿಸಲಿಲ್ಲವೆಂದು ಮುಖ ಊದಿಸಿಕೊಂಡಿದ್ದಾಳೆ, ಯಾರ ಎಮ್ಮೆ ಇವತ್ತೋ ನಾಳೆಯೋ ಕರು ಹಾಕುತ್ತದೆ, ಎಲ್ಲ ಅವಳಿಗೆ ಬೇಕು. ಊರ ಉಸಾಬರಿ ನಿನಗ್ಯಾಕೆ ಎಂದು ನಾನು ಗೊಣಗಿದರೆ ಎಲೆಯಡಿಕೆ ಹಾಕಿಕೊಂಡು ಸುಮ್ಮನಿರುತ್ತಿದ್ದಳು. ಬೆಳಿಗ್ಗೆ ಹಾಡುತ್ತಿದ್ದದ್ದು ನಾಲ್ಕೇ ನಾಲ್ಕು ಸಾಲು. ಅದೇ ನಾಲ್ಕು ಸಾಲು ಒಂದೊಂದು ಹೊಸ್ತಿಲಲ್ಲಿ ಒಂದೊಂದು ಥರ ಇರುತ್ತಿತ್ತಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ಕೇಳುವವರೆಲ್ಲ ನಿದ್ದೆಯಲ್ಲಿ. ಅವರು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಅಮ್ಮ ಪಕ್ಕದ ಮನೆಯಲ್ಲಿ. ನಮ್ಮ ಮನೆ ಬೀದಿಯ ಕೊನೆಯದು. ನನ್ನ ಹತ್ತಿರ ಬರುವ ಹೊತ್ತಿಗೆ ಅವಳ ಗಂಟಲು ಒಣಗಿರುತ್ತಿತ್ತು. ಬೀದಿಗೆಲ್ಲ ಬಡಿಸಿ ಮಗಳಿಗೆ ಪಾತ್ರೆಯ ತಳದ್ದು. ಈ ಸಿಟ್ಟು ನನಗೆ ಸಣ್ಣಂದಿನಿಂದ ಇದೆ, ಅದನ್ನೇನೂ ಮುಚ್ಚಿಡುವುದಿಲ್ಲ.

ನನ್ನ ಗಂಡ ಉಮಾಪತಿ ನಮ್ಮಲ್ಲಿಗೆ ಮನೆ ಅಳಿಯನಾಗಿ ಬಂದವರು. ಹೊಳೆಯಾಚೆಯ ಸಂಗೀತ ಶಾಲೆಯಲ್ಲಿ ಪಿಟೀಲು ಕಲಿತಿದ್ದರು. ಕಲಿತಿದ್ದರು ಎಂದರೆ ಸಾಲದು, ಅರೆದು ಕುಡಿದಿದ್ದರು. ದ್ರುತದಲ್ಲಿ ಬಾರಿಸುವಾಗ ಕಮಾನು ಕಣ್ಣಿಗೆ ಸಿಗುತ್ತಿರಲಿಲ್ಲ. ಅವರ ಒಂದು ಸ್ವರ ಕೂದಲೆಳೆಯಷ್ಟು ಆಚೀಚೆ ಆದದ್ದನ್ನು ನಾನಂತೂ ಕೇಳಿಲ್ಲ. ಮದುವೆಯಾದ ಹೊಸತರಲ್ಲಿ ಒಲೆಯ ಮೇಲೆ ಹಾಲಿಟ್ಟು ಅವರ ಸಾಧನೆ ಕೇಳುತ್ತ ನಿಂತು ಎಷ್ಟು ಸಲ ಉಕ್ಕಿಸಿದ್ದೇನೋ. ಬಾರಿಸುವಾಗ ಅವರು ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರು. ಎದುರಿಗೆ ನಾನಿದ್ದರೂ ಒಂದೇ, ಕಂಬವಿದ್ದರೂ ಒಂದೇ. ದೊಡ್ಡ ವಿದ್ವಾಂಸರ ಲಕ್ಷಣವೇ ಅದು ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ.

ಹೋದ ಚಳಿಗಾಲದಲ್ಲಿ ಅಮ್ಮನಿಗೆ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಇದ್ದಬದ್ದ ಕಂಠವನ್ನೂ ಕೊಂಡುಹೋಯಿತು. ನಾಲ್ಕು ಸಾಲಿನಲ್ಲಿ ಎರಡು ಸಾಲು ಕೆಮ್ಮೇ ಆಗುತ್ತಿತ್ತು. ಆದರೂ ಜನ ಏಳುತ್ತಿದ್ದರು, ತಕರಾರಿರಲಿಲ್ಲ. ತಕರಾರು ಹುಟ್ಟಿದ್ದು ಪಕ್ಕದ ಗಾಣಿಗರ ಬೀದಿಯವರು ನಾಗಸ್ವರದವರನ್ನು ತಂದಿಟ್ಟುಕೊಂಡಾಗ. ನಮ್ಮ ಬೀದಿಯ ಯಜಮಾನರು ಮರಿಸ್ವಾಮಿ, ಚಾಪೆ ಅಂಗಡಿಯವರು. ಅವರಿಗೆ ಅದು ನುಂಗಲಾರದ ತುತ್ತಾಯಿತು.

"ಅವರು ನಾಗಸ್ವರ ಕೇಳ್ಕೊಂಡು ಏಳ್ತಾರೆ, ನಾವು ಕೆಮ್ಮು ಕೇಳ್ಕೊಂಡು ಏಳ್ತೀವಿ ಅಂತ ಸಂತೇಲಿ ಆಡ್ಕೋತಾರೆ ಕಣಮ್ಮ ಗಂಗಮ್ಮ. ನಿಮ್ಮನೇಲೇ ಇಂಥ ವಿದ್ವಾಂಸರಿದ್ದಾರೆ. ಚೆನ್ನಾಜಮ್ಮನೋರೂ ಎಷ್ಟು ಅಂತ ಮೈ ಸವೆಸ್ತಾರೆ?" ಎಂದರು.

ಕೆಲಸವನ್ನು ಸುಮ್ಮನೆ ಕೊಟ್ಟರು ಎಂದಾಗಬಾರದು ಎಂದು ಛತ್ರದಲ್ಲಿ ಸ್ಪರ್ಧೆ ಏರ್ಪಡಿಸಿದರು. ಮಧ್ಯಾಹ್ನ ಊಟ ಹಾಕಿಸಿ, ಎಲ್ಲರೂ ಕೈತೊಳೆದು ಬಂದು ಕೂತ ಮೇಲೆ ನಾಲ್ಕು ಮಂದಿ ಬಾರಿಸಿದರು. ನಮ್ಮ ಇವರು ಬೌಳಿ ರಾಗ ಎತ್ತಿಕೊಂಡು ಸ್ವರಕ್ಕೆ ಸ್ವರ ಪೋಣಿಸುತ್ತ ಹೋದಾಗ ಛತ್ರಕ್ಕೆ ಛತ್ರವೇ ಬೆರಗಾಯಿತು. ಮರಿಸ್ವಾಮಿಯವರು ತೊಡೆ ತಟ್ಟಿ ತಟ್ಟಿ ಸೋತರು. ನಾನು ಅಂಗೈ ಕೆಂಪಾಗುವ ಹಾಗೆ ಚಪ್ಪಾಳೆ ಹೊಡೆದೆ. ಎಬ್ಬಿಸುವವರನ್ನು ಎಲ್ಲರೂ ಎಚ್ಚರವಾಗಿದ್ದುಕೊಂಡು ಆರಿಸುತ್ತಿದ್ದೇವೆ ಎಂಬುದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅಮ್ಮ ಮಾತ್ರ ಕಂಬಕ್ಕೊರಗಿ ಗೊರಕೆ ಹೊಡೆಯುತ್ತಿದ್ದಳು. ಅದು ಅವಳ ನಿದ್ದೆಯ ಹೊತ್ತು, ಯಾರೂ ತಪ್ಪು ತಿಳಿಯಲಿಲ್ಲ.

ಕೆಲಸ ಅಳಿಯನಿಗೆ ಹೋಯಿತೆಂದು ಅಮ್ಮನಿಗೆ ಎಳ್ಳಷ್ಟೂ ಬೇಸರವಾಗಲಿಲ್ಲ. ಎಳೆ ಹುಡುಗಿಯ ಹಾಗೆ ಖುಷಿಪಟ್ಟಳು. "ಇನ್ನು ಮೇಲೆ ನಾನೂ ರಾತ್ರಿ ನಿದ್ದೆ ಮಾಡ್ತೀನಿ ಕಣೇ ಗಂಗೂ. ಹೆಂಗಿರ್ತದೋ ನೋಡಣ" ಎಂದು ಪಕ್ಕದ ಮನೆಯ ದೇವೀರಮ್ಮನ ಹತ್ತಿರ ಅಂಚು ಕಟ್ಟಿದ ಹೊಸ ಚಾಪೆ ಹೆಣೆಸಿಕೊಂಡಳು. ಚಾಪೆ ಬಂತು, ದಿಂಬು ಬಂತು, ನಿದ್ದೆ ಬರಲಿಲ್ಲ. ಅಷ್ಟು ವರ್ಷ ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡಿದ್ದವಳಿಗೆ ಕಣ್ಣು ಮುಚ್ಚು ಎಂದರೆ ಅವು ಕೇಳಬೇಕಲ್ಲ. ನಾವೆಲ್ಲ ಮಲಗಿದ ಮೇಲೂ ಮಗ್ಗುಲು ಬದಲಿಸುತ್ತ ಬಿದ್ದಿರುತ್ತಿದ್ದಳಂತೆ. ಬೆಳಿಗ್ಗೆ ಎದ್ದು ನೋಡಿದರೆ ಚಾಪೆಯ ಮೇಲೆ ಕೂತುಕೊಂಡು ಅಳಿಯನ ಪಿಟೀಲು ಕೇಳುತ್ತಿರುತ್ತಿದ್ದಳು. ಹೀಗಾಗಿ ಇವರು ಅಮ್ಮನನ್ನು ಎಬ್ಬಿಸಬೇಕಾದ ಪ್ರಸಂಗವೇ ಬರಲಿಲ್ಲ.

ಮೊದಮೊದಲು ಎಲ್ಲವೂ ಸುಸೂತ್ರವಾಗಿತ್ತು. ಇವರು ನಮ್ಮ ಮನೆಯಿಂದ ಶುರುಮಾಡಿ ಬೀದಿಯ ಆ ತುದಿಗೆ ಹೋಗುತ್ತಿದ್ದರು. ಅಂಥ ಸಂಗೀತವನ್ನು ಜನ ಎಂದೂ ಕೇಳಿರಲಿಲ್ಲ. ಬೆರಗಿಗೆ ರೆಪ್ಪೆ ಬಿಚ್ಚಿಕೊಳ್ಳುತ್ತಿತ್ತು. ಆದರೆ ಬೆರಗು ಎಷ್ಟು ದಿನ ಬಾಳುತ್ತದೆ? ಬರಬರುತ್ತ ಒಬ್ಬೊಬ್ಬರೂ ತಡವಾಗಿ ಏಳತೊಡಗಿದರು. ತಾಳದ ಒಂದು ಆವರ್ತಕ್ಕೆ ಏಳುತ್ತಿದ್ದವರಿಗೆ ಮೂರು ಆವರ್ತ ಬೇಕಾಯಿತು. ಇವರು ಬಿಡುವವರೇ? ಇನ್ನಷ್ಟು ಕಷ್ಟದ ಸ್ವರಪ್ರಸ್ತಾರ ಕಟ್ಟಿದರು. ಸಂಜೆಯೆಲ್ಲ ಬಾಗಿಲು ಹಾಕಿಕೊಂಡು ಸಾಧನೆ ಮಾಡಿದರು. ಬೆಳಿಗ್ಗೆ ಆ ಹೊಸ ಬೆರಗಿಗೆ ಜನ ಎದ್ದರು, ಮತ್ತೆ ಅದೂ ಹಳತಾಯಿತು. ಕೊನೆಯ ಮನೆಯವರು ಏಳುವ ಹೊತ್ತಿಗೆ ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಬಂದಿರುತ್ತಿತ್ತು. ಬೀದಿಯ ಜನರೂ ತಮ್ಮ ಪಾಡಿಗೆ ತಾವು ಹೊಂದಿಕೊಂಡರು. ಅಂಗಡಿಗಳು ತಡವಾಗಿ ತೆರೆದವು, ಕಾಫಿ ಎರಡು ಲೋಟವಾಯಿತು.

"ಕಣ್ಣು ಬಿಡ್ತೀನಿ ಗಂಗಮ್ಮ, ಸುಳ್ಳು ಹೇಳಲ್ಲ. ಆದ್ರೆ ಯಾರೋ ಬೇರೆಯವರನ್ನ ಕರೀತಾ ಇದ್ರು, ಮಧ್ಯೆ ನಾನು ಎದ್ದುಬಿಟ್ಟೆ ಅನ್ನೋ ಹಂಗಿರ್ತದೆ" ಎಂದರು ಒಂದು ದಿನ ಮರಿಸ್ವಾಮಿ, ತಲೆ ಕೆರೆದುಕೊಳ್ಳುತ್ತ. ನಾನು ಇದನ್ನು ಇವರಿಗೆ ಹೇಳಲಿಲ್ಲ. ಇವರ ಮುಖ ಬಾಡುವುದನ್ನು ನೋಡಲು ನನ್ನಿಂದಾಗದು.

ಹೀಗಿರುವಾಗ ಒಂದು ರಾತ್ರಿ ಅಮ್ಮನಿಗೆ ನಿದ್ದೆ ಬಂತು.

ನನಗೆ ಗೊತ್ತಾದದ್ದು ಬೆಳಿಗ್ಗೆ. ಎದ್ದು ಒಲೆ ಹೊತ್ತಿಸಿ, ಕಾಫಿ ಕೊಡಲು ಹೋದರೆ ಅಮ್ಮ ಹೊಸ ಚಾಪೆಯ ಮೇಲೆ ಕೈ ತಲೆಯಡಿಗಿಟ್ಟು ಮಲಗಿದ್ದಾಳೆ. ಹಗಲಿನಲ್ಲಿ ಮಲಗಿದಂತಲ್ಲ. ಗೊರಕೆಯಿಲ್ಲ, ಹುಬ್ಬು ಗಂಟಿಕ್ಕಿಲ್ಲ, ಮುಖದ ಸುಕ್ಕೆಲ್ಲ ಸಡಿಲವಾಗಿದೆ. ಅಮ್ಮ ಇಷ್ಟು ಚೆಂದ ಇದ್ದಳೇ ಎನ್ನಿಸಿ ಒಂದು ಗಳಿಗೆ ಸಂತೋಷವೇ ಆಯಿತು. ಮರುಗಳಿಗೆಗೆ ಲೋಟ ಕೆಳಗಿಟ್ಟು ಬೀದಿಯ ಕಡೆ ಕಿವಿಗೊಟ್ಟೆ. ಇವರು ನಮ್ಮ ಮನೆ ಮುಗಿಸಿಕೊಂಡು ಬೀದಿಯ ಆ ತುದಿಗೆ ಹೋಗಿಯಾಗಿತ್ತು. ಅಂದರೆ ಇದೇ ಕೋಣೆಯ ಬಾಗಿಲಲ್ಲಿ ಇವರು ಕಣ್ಣು ಮುಚ್ಚಿಕೊಂಡು ಬಾರಿಸಿದ್ದು ಅಮ್ಮನಿಗೆ ಮುಟ್ಟಿಲ್ಲ.

ಹೇಳಿಕಳಿಸಿದ್ದಕ್ಕೆ ಇವರು ಓಡಿ ಬಂದರು. ಅಷ್ಟು ಹೊತ್ತಿಗೆ ಬೀದಿಯೆಲ್ಲ ಎದ್ದಿತ್ತು. ಮೊದಲು ಭೂಪಾಳ ಬಾರಿಸಿದರು, ಆಮೇಲೆ ಬೌಳಿ, ಆಮೇಲೆ ಮಲಯಮಾರುತ. ಅಮ್ಮನ ಉಸಿರು ಏರಿ ಇಳಿಯುತ್ತಿತ್ತು, ರೆಪ್ಪೆ ಮಾತ್ರ ಮಿಸುಕಲಿಲ್ಲ. ಇವರು ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡು ವೇಗ ಏರಿಸಿದರು. ಒಂದು ಸಲ ಬಾರಿಸಿದ ಪ್ರಸ್ತಾರವನ್ನು ಎರಡನೇ ಸಲ ಬಾರಿಸಲಿಲ್ಲ. ಹೊರಗೆ ಜಗಲಿಯ ಮೇಲೆ ಜನ ಸೇರತೊಡಗಿದರು. ಅವರಲ್ಲೊಬ್ಬರು ಆ ಗಾಬರಿಯಲ್ಲೂ ತಾಳ ಹಾಕುತ್ತಿದ್ದುದು ಕಂಡು ನನಗೆ ಅವರ ಕೈ ಮುರಿಯಬೇಕೆನ್ನಿಸಿತು.

"ಚೆನ್ನಾಜಮ್ಮನೋರಿಗೆ ಯಾವ ರಾಗ ಇಷ್ಟ?" ಎಂದು ಮರಿಸ್ವಾಮಿ ನನ್ನನ್ನು ಕೇಳಿದರು.

ಅಮ್ಮನಿಗೆ ಯಾವ ರಾಗ ಇಷ್ಟ? ಯಾವ ಪದ ಕೇಳಿದರೆ ಅವಳ ಕಣ್ಣು ತುಂಬುತ್ತದೆ? ಸಣ್ಣವಳಿದ್ದಾಗ ಅವಳ ಅವ್ವ ಏನು ಹಾಡುತ್ತಿದ್ದಳು? ಬೀದಿಯ ಒಬ್ಬೊಬ್ಬರ ಹೊಟ್ಟೆಯೊಳಗಿನ ಮಾತೂ ಅವಳಿಗೆ ಗೊತ್ತಿತ್ತು. ಅವಳದ್ದು ಯಾರಿಗೂ ಗೊತ್ತಿರಲಿಲ್ಲ. ಸಂಜೆ ಅವಳು ಜಗಲಿ ಜಗಲಿಗೆ ಹೋಗಿ ಎಲ್ಲರನ್ನೂ ಕೇಳುತ್ತಿದ್ದಳಲ್ಲ, ತಿರುಗಿ ನೀನು ಹೇಗಿದ್ದೀಯ ಎಂದು ಒಬ್ಬರಾದರೂ ಕೇಳಿದ್ದರೆ ತಾನೆ? ಹೆತ್ತ ಮಗಳು, ನಾನೇ ಕೇಳಿರಲಿಲ್ಲ. ಪಾತ್ರೆಯ ತಳದ್ದು ನನಗೆ ಎಂದು ಮುನಿಸಿಕೊಂಡೇ ಇಷ್ಟು ವರ್ಷ ಕಳೆದಿದ್ದೆ. ನನಗೆ ಅಳು ಬಂತು, ಅಳುತ್ತ ಕೂರಲು ಹೊತ್ತಿರಲಿಲ್ಲ.

"ಗೊತ್ತಿಲ್ಲ ಯಜಮಾನ್ರೇ" ಎಂದೆ.

ದೇವೀರಮ್ಮ ಮುಂದೆ ಬಂದಳು. "ನನ್ನನ್ನ ಎಬ್ಬಿಸ್ತಿದ್ದದ್ದು ಹಿಂಗೆ ಅಂತ ಕಾಣ್ತದೆ" ಎಂದು ಅಮ್ಮನ ಹಾಡಿನ ಕೊನೆಯ ತುಣುಕನ್ನು ಗುನುಗಿದಳು. ಅವಳಿಗೆ ಗೊತ್ತಿದ್ದದ್ದು ಕಣ್ಣು ಬಿಡುವ ಗಳಿಗೆಯಲ್ಲಿ ಕಿವಿಗೆ ಬಿದ್ದಷ್ಟೇ. ಅವಳ ಹಿಂದೆ ಇನ್ನೊಬ್ಬರು ಬಂದರು, ಮತ್ತೊಬ್ಬರು ಬಂದರು. ಎಲ್ಲರ ಬಳಿಯೂ ಒಂದೊಂದು ಬಾಲವಿತ್ತು, ತಲೆ ಯಾರ ಬಳಿಯೂ ಇರಲಿಲ್ಲ. ಮರಿಸ್ವಾಮಿಯವರು ನಾಚಿಕೆ ಬಿಟ್ಟು ಹಾಡುತ್ತ ಹಾಡುತ್ತ ಗೊಳೋ ಎಂದು ಅತ್ತೇಬಿಟ್ಟರು. ಅಮ್ಮ ಮಿಸುಕಲಿಲ್ಲ. ಅವೆಲ್ಲ ಅವಳು ಅವರವರಿಗಾಗಿ ಮಾಡಿದ್ದು, ಅವಳಿಗಾಗಿ ಮಾಡಿದ್ದಲ್ಲ.

ಗಾಣಿಗರ ಬೀದಿಯ ನಾಗಸ್ವರದವರನ್ನೂ ಕರೆಸಿದೆವು. ಪಾಪ, ಹಗಲು ನಿದ್ದೆಗೆ ಮಲಗಿದ್ದವರು ಲುಂಗಿಯಲ್ಲೇ ಎದ್ದು ಬಂದರು. ಊದಿದ ರಭಸಕ್ಕೆ ಮಾಡಿನ ಹೆಂಚಿನ ಧೂಳು ಉದುರಿತು. ಊದಿ ಊದಿ ಸುಸ್ತಾಗಿ, "ನಾನು ಇವರನ್ನ ಒಂದ್ಸಲಾನೂ ಮಾತಾಡ್ಸಿದ್ದಿಲ್ಲ ಕಣಮ್ಮ. ಎಲ್ಲಿಗೆ ಅಂತ ಊದ್ಲಿ?" ಎಂದು ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತರು.

ಅಂಗಳದ ತುಳಸಿಕಟ್ಟೆಯ ನೆರಳು ಗಿಡ್ಡವಾಗುತ್ತಿತ್ತು. ಅತ್ತ ನೋಡಬಾರದು ಎಂದುಕೊಂಡರೂ ಎಲ್ಲರ ಕಣ್ಣೂ ಅತ್ತಲೇ. ಇವರು ಮತ್ತೆ ಪಿಟೀಲು ಎತ್ತಿಕೊಂಡರು. ಮತ್ತೆ ಕಣ್ಣು ಮುಚ್ಚಿಕೊಂಡರು. ಮತ್ತೆ ಅದೇ ನುಣುಪು, ಅದೇ ಓಟ. ನನ್ನ ಅಮ್ಮ ಅಲ್ಲಿ ಸಾಯುತ್ತಿದ್ದಾಳೆ, ಇಲ್ಲಿ ಇವರ ಸ್ವರ ಒಂದೂ ಅಲುಗುತ್ತಿಲ್ಲ. ಎದ್ದು ಹೋಗಿ ಕಮಾನನ್ನು ಹಿಡಿದುಕೊಂಡೆ. ಬಾರಿಸುವವರ ಕಮಾನು ಹಿಡಿಯುವುದು ನಮ್ಮೂರಿನಲ್ಲಿ ಉಣ್ಣುವವರ ತಟ್ಟೆ ಎಳೆದಂತೆ.

"ಕಣ್ಣು ಬಿಡ್ರೀ" ಎಂದೆ.

ಬಿಟ್ಟರು.

"ಅಲ್ಲಿ ಮಲಗಿರೋದು ಯಾರು, ನೋಡ್ರೀ ಒಂದ್ಸಲ. ನೋಡಿ ಬಾರಿಸಿ."

"ನೋಡಿದ್ರೆ ಕೈ ನಡುಗ್ತದೆ ಗಂಗಾ. ಕೈ ನಡುಗಿದ್ರೆ ಸ್ವರ ಕೆಡ್ತದೆ. ಸ್ವರ ಕೆಟ್ಟರೆ ಅತ್ತೆ ಹೆಂಗೆ ಏಳ್ತಾರೆ?" ಎಂದರು.

ಆಗ ನನ್ನ ಬಾಯಿಂದ ಆ ಮಾತು ಬಂತು. ಇಷ್ಟು ದಿನ ಇವರಿಗೆ ನೋವಾದೀತೆಂದು ನುಂಗಿಕೊಂಡಿದ್ದ ಮಾತು. "ನಾನು ಒಂದು ದಿನಾನೂ ನಿಮ್ಮ ರಾಗಕ್ಕೆ ಎದ್ದಿಲ್ಲ ಕಣ್ರೀ."

ಇವರು ನನ್ನ ಮುಖವನ್ನೇ ನೋಡಿದರು.

"ನೀವು ದಿನಾ ನನ್ನ ಹತ್ರ ಬಂದು ನಿಂತ್ಕೋತೀರಿ. ಪಿಟೀಲಿನ ಬಿರಡೆ ತಿರುವ್ತೀರಿ. ಶ್ರುತಿ ಸರಿಯಾಗೇ ಇರ್ತದೆ, ಆದ್ರೂ ಮತ್ತೆ ತಿರುವ್ತೀರಿ. ಒಂದು ತಂತೀನ ಸುಮ್ನೆ ಹಿಂಗೆ ಮುಟ್ತೀರಿ. ಇವತ್ತು ಇವಳು ಏಳ್ತಾಳೋ ಇಲ್ವೋ ಅಂತ ನಿಮಗೆ ಹೆದರಿಕೆ. ಆ ಹೆದರಿಕೆ ಆ ತಂತೀಲಿ ಇರ್ತದೆ. ನಾನು ಏಳೋದು ಅದಕ್ಕೆ. ಆಮೇಲೆ ನೀವು ಕಣ್ಣು ಮುಚ್ಕೊಂಡು ಬಾರಿಸೋಕೆ ಶುರುಮಾಡ್ತೀರಿ. ಅಷ್ಟೊತ್ತಿಗೆ ನಾನು ಎದ್ದಾಗಿರ್ತದೆ. ನಿಮಗೆ ಬೇಜಾರಾಗ್ತದೆ ಅಂತ ಕಣ್ಣು ಮುಚ್ಕೊಂಡೇ ಬಿದ್ದಿರ್ತೀನಿ, ಮುಗಿದ ಮೇಲೆ ಏಳ್ತೀನಿ."

ಬೀದಿಗೆ ಬೀದಿಯೇ ಕೇಳಿಸಿಕೊಳ್ಳುತ್ತ ನಿಂತಿತ್ತು. ಗಂಡ ಹೆಂಡಿರ ಮಾತನ್ನು ಅಷ್ಟು ಜನರ ಮುಂದೆ ಆಡಬಾರದಿತ್ತು. ಆದರೆ ತುಳಸಿಕಟ್ಟೆಯ ನೆರಳು ಕಟ್ಟೆಯ ಬುಡಕ್ಕೆ ಸೇರಲು ಇನ್ನು ಒಂದು ಗೇಣೂ ಉಳಿದಿರಲಿಲ್ಲ. ಇವರ ಮುಖ ಬಿಳಿಚಿಕೊಂಡಿತು. ಇಷ್ಟು ವರ್ಷ ಬೆರಳು ಸವೆಸಿದ್ದೆಲ್ಲ ಹೆಂಡತಿಗೆ ಬೇಕಿರಲಿಲ್ಲ ಎಂದು ಹೆಂಡತಿಯ ಬಾಯಿಂದಲೇ ಕೇಳಿದ ಗಂಡಸಿನ ಮುಖ ಅದು. ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಎದ್ದು ಹೋಗುತ್ತಾರೆ ಎಂದೇ ನಾನು ತಿಳಿದೆ. ಹೋಗಿದ್ದರೆ ನಾನು ತಡೆಯುತ್ತಿರಲಿಲ್ಲ, ಜನ್ಮದಲ್ಲಿ ಕ್ಷಮಿಸುತ್ತಲೂ ಇರಲಿಲ್ಲ.

ಇವರು ಹೋಗಲಿಲ್ಲ. ನಿಂತಲ್ಲಿಂದ ನಾಲ್ಕು ಹೆಜ್ಜೆ ಮುಂದೆ ಬಂದು ಅಮ್ಮನ ಚಾಪೆಯ ಪಕ್ಕ ಮಂಡಿಯೂರಿ ಕೂತರು. ಅಮ್ಮನ ಮುಖ ನೋಡಿದರು. ಅಷ್ಟು ಹತ್ತಿರದಿಂದ ಅತ್ತೆಯ ಮುಖ ನೋಡಿದ್ದು ಅದೇ ಮೊದಲಿರಬೇಕು. ಕಮಾನು ತಂತಿಯ ಮೇಲಿಟ್ಟರು, ಕೈ ಅದುರಿತು, ಎತ್ತಿದರು. ಮತ್ತೆ ಇಟ್ಟರು. ಮಂದ್ರದ ತಂತಿಯಲ್ಲಿ ಒಂದೇ ಒಂದು ಸ್ವರ ಎಳೆದರು. ಅದು ನಡುಗುತ್ತಿತ್ತು. ಬೇರೆ ಯಾರಾದರೂ ಹಾಗೆ ಎಳೆದಿದ್ದರೆ ಕಮಾನು ಜಾರಿ ಕಿರ್ರೆನ್ನುತ್ತಿತ್ತು. ಇವರು ಆ ನಡುಕವನ್ನು ಅದುಮಲಿಲ್ಲ, ಜಾರಿ ಹೋಗಲೂ ಬಿಡಲಿಲ್ಲ. ನೀರು ತುಂಬಿದ ಬೋಗುಣಿ ಹಿಡಿದವರ ಹಾಗೆ ಅಷ್ಟನ್ನೂ ಹಿಡಿದುಕೊಂಡು ಮೆಲ್ಲಗೆ ಮುಂದಿನ ಸ್ವರಕ್ಕೆ ತಂದರು. ಯಾವ ರಾಗವೋ ನನಗೆ ತಿಳಿಯಲಿಲ್ಲ. ಆಮೇಲೆ ಕೇಳಿದಾಗ ತಮಗೂ ತಿಳಿಯದು ಎಂದರು. ಕೇಳುತ್ತ ಕೇಳುತ್ತ ನಾನು ಗೋಡೆಗೆ ಒರಗಿದೆ. ಇವರಿಗೆ ಎಂಥ ಹೆದರಿಕೆ ಇತ್ತು ಎಂದು ನನಗೆ ಆಗ ಗೊತ್ತಾಯಿತು. ಇವತ್ತಿನದಷ್ಟೇ ಅಲ್ಲ. ದಿನಾ ಕತ್ತಲೆಯಲ್ಲಿ ಒಬ್ಬರೇ ಇಡೀ ಬೀದಿಯ ಜೀವವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಡುವವರ ಹೆದರಿಕೆ. ನಾನು ಕೆಡಿಸಿದೆ, ನನ್ನಿಂದಾಗಿ ಅತ್ತೆ ಹೋಗುತ್ತಿದ್ದಾರೆ, ನನಗೆ ಏನು ಮಾಡಬೇಕೋ ಗೊತ್ತಿಲ್ಲ, ಯಾರಾದರೂ ಬನ್ನಿ ಎಂದು ಆ ತಂತಿ ಬೇಡುತ್ತಿತ್ತು. ಬಾಯಿಬಿಟ್ಟು ಇವರು ಈ ಮಾತನ್ನು ಯಾರ ಹತ್ತಿರವೂ ಆಡುವವರಲ್ಲ.

ಜಗಲಿಯ ಮೇಲೆ ಈಗ ಯಾರೂ ತಾಳ ಹಾಕುತ್ತಿರಲಿಲ್ಲ.

ಮೊದಲು ಅಮ್ಮನ ಹುಬ್ಬು ಗಂಟಾಯಿತು. ಆಮೇಲೆ ತಲೆಯಡಿಯ ಕೈ ಹೊರಗೆ ಬಂದು ಚಾಪೆಯನ್ನು ತಡಕಿತು. ಕಣ್ಣು ಬಿಡುವ ಮೊದಲೇ ಎದ್ದು ಕೂತಳು. ಹೊರಡಲು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಯಾರ ಮನೇಲಿ? ಏನಾಯ್ತು?" ಎಂದಳು.

ಅಮ್ಮ ಒಬ್ಬೊಬ್ಬರನ್ನೇ ನೋಡಿದಳು. ಅಳುತ್ತಿರುವ ಮರಿಸ್ವಾಮಿಯವರನ್ನು, ಲುಂಗಿಯಲ್ಲಿ ಕೂತಿದ್ದ ನಾಗಸ್ವರದವರನ್ನು, ಗೋಡೆಗೆ ಅಂಟಿಕೊಂಡಿದ್ದ ನನ್ನನ್ನು. ಕೊನೆಗೆ ಎದುರಿಗೆ ಮಂಡಿಯೂರಿ ಕೂತಿದ್ದ ಅಳಿಯನ ಮೇಲೆ ಅವಳ ಕಣ್ಣು ನಿಂತಿತು. ಇವರು ಕಮಾನನ್ನು ಇನ್ನೂ ತಂತಿಯಿಂದ ಎತ್ತಿರಲಿಲ್ಲ.

"ನೀವಾ ಕರೆದದ್ದು ಅಳಿಯಂದಿರೇ? ಯಾಕೆ ಅಷ್ಟು ಹೆದರಿದ್ರಿ? ನಾನು ಎಲ್ಲೋ ದೂರದಲ್ಲಿದ್ದೆ. ಆರಾಮಾಗಿತ್ತು. ಯಾರೋ ಒಬ್ಬರು ಕಷ್ಟದಲ್ಲಿದ್ದಾರೆ, ಹೋಗಬೇಕಲ್ಲ ಅಂತ ಬಂದೆ" ಎಂದಳು. ಆಮೇಲೆ ಅಂಗಳದ ಬಿಸಿಲು ನೋಡಿದಳು. ಏನು ನಡೆದಿದೆ ಎಂಬುದು ಅವಳಿಗೆ ಆಗ ತಿಳಿಯಿತು.

ನಾನು ಹೋಗಿ ಅವಳ ತೊಡೆಯ ಮೇಲೆ ಬಿದ್ದು ಅತ್ತುಬಿಟ್ಟೆ. ಜನರಿದ್ದಾರೆ, ಬಿಡೆಯಿರಲಿ ಎಂದೇನೂ ಅನ್ನಿಸಲಿಲ್ಲ. ಅಮ್ಮ ನನ್ನ ಬೆನ್ನು ಸವರುತ್ತ, "ಕಾಫಿ ಇದ್ಯೇನೇ?" ಎಂದಳು.

ಅವತ್ತು ಇವರು ಹಗಲು ಮಲಗಲೇ ಇಲ್ಲ. ಊಟವನ್ನೂ ಸರಿಯಾಗಿ ಮಾಡಲಿಲ್ಲ. ಸಂಜೆ ಜಗಲಿಯ ಮೇಲೆ ಅಮ್ಮ ಎಲೆಯಡಿಕೆ ತಟ್ಟೆ ಹಿಡಿದು ಕೂತಿದ್ದಾಗ ಬಂದು ಎದುರಿಗೆ ನಿಂತು, ಈ ಕೆಲಸ ನನ್ನಿಂದಾಗದು ಅತ್ತೆ, ನಾನು ಕಲಿತದ್ದು ಇದಕ್ಕಲ್ಲ, ಬೀದಿಯವರಿಗೆ ಹೇಳಿ ಬೇರೆ ಯಾರನ್ನಾದರೂ ತರಿಸೋಣ ಎಂದರು. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದೆ.

"ಕಲಿತದ್ದು ಇದಕ್ಕಲ್ಲದೆ ಇನ್ಯಾತಕ್ಕೆ? ಈ ಗಂಟಲಲ್ಲಿ ನಾನು ಇವತ್ತು ಹೆದರ್ಕೊಂಡು ಕರೆದಿದ್ರೆ ಬರೀ ಕೆಮ್ಮು ಬರ್ತಿತ್ತು. ನಿಮ್ಮ ಕೈ ಅಂಥದ್ದು ಅಂತಾನೇ ಅದು ಅಷ್ಟು ದೂರ ಬಂತು. ಇಷ್ಟು ದಿನ ಒಳ್ಳೇ ಗಾಡಿ ಕಟ್ಟಿ, ಒಳಗೆ ಯಾರನ್ನೂ ಕೂರಿಸದೆ ಓಡಿಸ್ತಿದ್ರಿ, ಅಷ್ಟೇ. ಕೂತ್ಕೊಳಿ ಇಲ್ಲಿ" ಎಂದಳು ಅಮ್ಮ. ಇವರು ಕೂತರು. ಅಮ್ಮ ಎಲೆಗೆ ಸುಣ್ಣ ಹಚ್ಚುತ್ತ ದೇವೀರಮ್ಮನ ಮೊಣಕಾಲು ನೋವು, ಮರಿಸ್ವಾಮಿಯವರ ತಮ್ಮ ಮಾತುಬಿಟ್ಟು ಎಷ್ಟು ಕಾಲವಾಯಿತು ಎಂಬುದು, ಹೀಗೆ ಒಂದೊಂದೇ ಮನೆಯ ಸುದ್ದಿ ಹೇಳಿದಳು. ಇವರು ಪಾಠ ಕೇಳುವವರ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೇಳಿದರು. ನನಗೆ ನಗು ಬಂತು, ಸಂಕಟವೂ ಆಯಿತು.

ದೀಪ ಹಚ್ಚುವ ಹೊತ್ತಿಗೆ ಅಮ್ಮ ಎದ್ದು ಒಳಗೆ ಬಂದು ಹೊಸ ಚಾಪೆಯನ್ನು ಬಿಡಿಸಿ ಹಾಸಿದಳು.

"ಏನಮ್ಮ ಇದು? ಇವತ್ತು ಎದ್ದಿರು. ಒಂದೆರಡು ದಿನ ಹೋಗ್ಲಿ. ಹಗಲು ಮಲಗಿದ್ರೆ ಆಯ್ತಪ್ಪ" ಎಂದೆ.

"ನಿದ್ದೆ ಬರ್ತಾ ಇದೆ ಕಣೇ. ಒಂದ್ಸಲ ರುಚಿ ಹತ್ತಿತು ನೋಡು" ಎಂದು ದಿಂಬು ತಟ್ಟಿದಳು. ಅವಳಿಗೆ ನಗು ಬೇರೆ.

ಇವರು ಜಗಲಿಯಿಂದ ಎದ್ದು ಬಂದು ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಅತ್ತೆಯ ಎದುರಿಗೆ ತಲೆಯೆತ್ತಿ ಮಾತಾಡಿದವರೇ ಅಲ್ಲ, ಆವತ್ತು ಕೈಮುಗಿದರು. "ಇವತ್ತೊಂದು ರಾತ್ರಿ ಬೇಡಿ ಅತ್ತೆ. ನಾಳೆ ನನಗೆ ಕೈ ಬರ್ತದೋ ಇಲ್ವೋ. ನನಗೆ ಹೆದರಿಕೆಯಾಗ್ತದೆ."

ಅಮ್ಮ ಮಲಗಿಕೊಂಡು ಕಂಬಳಿಯನ್ನು ಎದೆಯ ತನಕ ಎಳೆದುಕೊಂಡಳು.

"ಹೆದರಿಕೆ ಆಗ್ಲಿ. ಬೆಳಿಗ್ಗೆ ಹಂಗೇ ಬನ್ನಿ" ಎಂದಳು.

ಆಮೇಲೆ ಗೋಡೆಯ ಕಡೆ ತಿರುಗಿದಳು. ಅವಳ ಉಸಿರು ಉದ್ದವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಇವರು ನನ್ನ ಕಡೆ ನೋಡಿದರು, ಎದ್ದಿರುತ್ತೀಯಾ ಎಂದು ಕೇಳುವವರ ಹಾಗೆ. ದೀಪ ಸಣ್ಣದು ಮಾಡಿ, ಅಮ್ಮನ ಪಕ್ಕದಲ್ಲೇ ಇನ್ನೊಂದು ಚಾಪೆ ಹಾಸಿಕೊಂಡು ಮಲಗಿದೆ.